ಮೂತ್ರಪಿಂಡದಲ್ಲಿ ಹೋಗಿ ಕೂರುವ ಪ್ರತಿಕಾಯ

ಜೋರು ಮಳೆಗಾಲದಲ್ಲಿ ಖಾನಾಪುರದ ಸೇತುವೆಯ ಮೇಲೆ ನಿಂತು ಮಲಪ್ರಭೆಯನ್ನು ನೋಡಿದ್ದೀರಾ, ಮಕ್ಕಳೇ? ಕಣಕುಂಬಿಯಲ್ಲಿ ಹುಟ್ಟುವಾಗ ತಿಳಿಯಾಗಿದ್ದ ನೀರು ಊರು ಮುಟ್ಟುವಷ್ಟರಲ್ಲಿ ದಾರಿಯ ಮಣ್ಣನ್ನೆಲ್ಲ ಹೊತ್ತು ಕೆಂಪಗಾಗಿರುತ್ತದೆ. ಮನೆಯ ದೊಡ್ಡವರಿಗೆ ಹೇಳಿ ಆ ನೀರನ್ನು ಒಂದು ತಂಬಿಗೆ ತರಿಸಿಕೊಳ್ಳಿ. ನೀವೇ ಹೊಳೆಗೆ ಇಳಿಯಬೇಡಿ. ಬೆಳಗಾವಿ ಪಟ್ಟಣದ ಮಕ್ಕಳಾದರೆ ಒಂದು ಹಿಡಿ ಜೇಡಿಮಣ್ಣನ್ನು ನೀರಿನಲ್ಲಿ ಕಲಕಿಕೊಂಡರೂ ನಡೆಯುತ್ತದೆ. ಖಾನಾಪುರದ ಜೇಡಿಯಂತೂ ಹೆಂಚಿಗೆ, ಮಡಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಆ ಊರಲ್ಲಿದೆ.

ಕೆಂಪು ನೀರನ್ನು ಎರಡು ಗಾಜಿನ ಲೋಟಗಳಿಗೆ ಸಮನಾಗಿ ಸುರಿಯಿರಿ. ಒಂದನ್ನು ಹಾಗೇ ಬಿಡಿ. ಇನ್ನೊಂದರಲ್ಲಿ ಪಟಿಕದ ತುಂಡನ್ನು ಏಳೆಂಟು ಸುತ್ತು ತಿರುಗಿಸಿ ತೆಗೆಯಿರಿ. ಪಟಿಕ ಅಂದರೆ ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ತುರಟಿ ಅಂತ ಕೇಳಿದರೆ ಕೊಡುತ್ತಾರಲ್ಲ, ಆ ಬಿಳಿ ಹರಳು. ಕಟಿಂಗ್ ಅಂಗಡಿಯಲ್ಲಿ ದಾಡಿ ಮಾಡಿದ ಮೇಲೆ ಗಲ್ಲಕ್ಕೆ ಉಜ್ಜುವುದೂ ಅದನ್ನೇ. ಲೋಟಗಳನ್ನು ಅಲ್ಲಾಡಿಸದೆ ಅರ್ಧ ತಾಸು ಬಿಟ್ಟು ನೋಡಿ. ಮೊದಲನೆಯ ಲೋಟದಲ್ಲಿ ಮರಳು ತಳಕ್ಕಿಳಿದಿದ್ದರೂ ನೀರಿನ ಕೆಂಪು ಹೋಗಿರುವುದಿಲ್ಲ. ಪಟಿಕ ಆಡಿಸಿದ ಲೋಟದಲ್ಲಿ ಮಣ್ಣು ಸಣ್ಣ ಸಣ್ಣ ಗಂಟುಗಳಾಗಿ ಕೆಳಗಿಳಿಯುತ್ತಿರುತ್ತದೆ, ಮೇಲೆ ನೀರು ತಿಳಿಯಾಗುತ್ತಾ ಬಂದಿರುತ್ತದೆ. ತಿಳಿಯಾಯಿತೆಂದು ಕುಡಿದುಬಿಡಬೇಡಿ, ರೋಗಾಣುಗಳು ಅದರಲ್ಲಿ ಇದ್ದೇ ಇರುತ್ತವೆ.

ಆದದ್ದೇನು? ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಾವೇಶ ಇರುತ್ತದೆ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ. ಕಣಗಳು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ಹಾಗಾಗಿ ಒಟ್ಟುಗೂಡಿ ಭಾರವಾಗುವುದೂ ಇಲ್ಲ, ತಳ ಸೇರುವುದೂ ಇಲ್ಲ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ನೀರಿಗೆ ಬಿದ್ದಾಗ ಅದಕ್ಕೆ ಧನಾವೇಶ. ಅದು ಎರಡು ಋಣ ಕಣಗಳ ನಡುವೆ ಬಂದು ಜಗಳ ಬಿಡಿಸುತ್ತದೆ, ಎರಡನ್ನೂ ತನಗೆ ಅಂಟಿಸಿಕೊಳ್ಳುತ್ತದೆ. ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕಗಳಲ್ಲೂ ಸೋಸುವುದಕ್ಕೆ ಮೊದಲು ಹೀಗೆಯೇ ಮಣ್ಣನ್ನು ಗಂಟು ಕಟ್ಟಿಸುತ್ತಾರೆ.

ಇಷ್ಟು ಗೊತ್ತಿದ್ದರೆ ಲೂಪಸ್ ಎಂಬ ಕಾಯಿಲೆಯಲ್ಲಿ ಮೂತ್ರಪಿಂಡ ಯಾಕೆ ಕೆಡುತ್ತದೆ ಎನ್ನುವ ಕಥೆಯ ಅರ್ಧ ಭಾಗ ಕೈಗೆ ಬಂದಂತೆ. ಉಳಿದರ್ಧಕ್ಕೆ ಪ್ರತಿಕಾಯದ ಪರಿಚಯ ಬೇಕು.

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇದೆಯಲ್ಲ, ದೊಡ್ಡ ದೊಡ್ಡ ಮರಗಳ ಜಾಗ? ಅದಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆಗೆಲ್ಲ ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯರ ತೋಳನ್ನು ನೋಡಿ, ದುಂಡನೆಯ ಹಳೆಯ ಕಲೆ ಕಾಣಬಹುದು. ಆ ಲಸಿಕೆ ದೇಹಕ್ಕೆ ಸಿಡುಬಿನ ವೈರಸ್ಸನ್ನು ಗುರುತು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಲು ಕಲಿಸುತ್ತಿತ್ತು. ಭೂಮಿಯ ಮೇಲಿಂದ ಸಿಡುಬು ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಮನುಷ್ಯ ಪೂರ್ತಿಯಾಗಿ ಅಳಿಸಿಹಾಕಿದ ಮನುಷ್ಯರೋಗ ಇವತ್ತಿನವರೆಗೂ ಅದೊಂದೇ.

ಖಾನಾಪುರದ ಕಾಡಂಚಿನ ಹಳ್ಳಿಯ ಮಕ್ಕಳಿಗೆ ಪ್ರತಿಕಾಯದ ಇನ್ನೊಂದು ಉಪಕಾರ ಗೊತ್ತಿರಲೇಬೇಕು. ಗದ್ದೆಯಲ್ಲಿ ಹಾವು ಕಚ್ಚಿದರೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದಿನಲ್ಲಿ ಇರುವುದು ಕುದುರೆಯ ಪ್ರತಿಕಾಯ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾ ಹೋಗುತ್ತಾರೆ. ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಕುದುರೆ ಕಲಿತದ್ದು ನಮ್ಮ ಜೀವ ಉಳಿಸುತ್ತದೆ. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬಾರದು ಎಂದು ಡಾಕ್ಟರುಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಈ ಪ್ರತಿಕಾಯ ಒಂದು ಪ್ರೋಟೀನು. ಇಂಗ್ಲಿಷಿನ ವೈ ಅಕ್ಷರದ ಆಕಾರ. ಎರಡು ಉದ್ದನೆಯ ಸರಪಳಿ, ಎರಡು ಗಿಡ್ಡನೆಯ ಸರಪಳಿ ಸೇರಿ ಒಂದು ಪ್ರತಿಕಾಯ. ಇದನ್ನು ಬಿಡಿಸಿ ತೋರಿಸಿದವರು ಅಮೆರಿಕದ ಜೆರಾಲ್ಡ್ ಎಡೆಲ್ಮನ್ ಮತ್ತು ಇಂಗ್ಲೆಂಡಿನ ರಾಡ್ನಿ ಪೋರ್ಟರ್; ಅವರಿಗೆ 1972ರ ನೊಬೆಲ್ ಬಹುಮಾನ ಬಂತು. ರಕ್ತದಲ್ಲಿ ಅತಿ ಹೆಚ್ಚಾಗಿರುವ ಪ್ರತಿಕಾಯದ ಅಳತೆ ಸುಮಾರು 10 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು, ಅಷ್ಟೇ.

ಅಷ್ಟು ಸಣ್ಣದರಲ್ಲೂ ಕೆಲಸ ಹಂಚಿಕೆ ಇದೆ. ಮೇಲಿನ ಎರಡು ತೋಳುಗಳ ತುದಿ ಹಿಡಿಯುವುದಕ್ಕೆ. ಕೆಳಗಿನ ಬಾಲ ಕೂಗಿ ಕರೆಯುವುದಕ್ಕೆ: ‘ಇಲ್ಲಿ ಕಳ್ಳ ಸಿಕ್ಕಿದ್ದಾನೆ, ಬನ್ನಿ’ ಎಂದು ಬಿಳಿ ರಕ್ತಕಣಗಳನ್ನೂ ರಕ್ತದಲ್ಲಿನ ಇತರ ಪ್ರೋಟೀನುಗಳನ್ನೂ ಕರೆಯುವುದು ಬಾಲವೇ. ಬಾಲದ ಬಗೆಗಳು ಕೆಲವೇ. ತೋಳಿನ ತುದಿಗಳ ಬಗೆಗಳಿಗೆ ಮಾತ್ರ ಲೆಕ್ಕವೇ ಇಲ್ಲ. ಅಮೈನೋ ಆಮ್ಲಗಳು ಎಂಬ ಇಪ್ಪತ್ತು ಬಗೆಯ ಘಟಕಗಳು ಯಾವ ಕ್ರಮದಲ್ಲಿ ಪೋಣಿಸಿಕೊಂಡಿವೆ ಎಂಬುದರ ಮೇಲೆ ತುದಿಯ ಆಕಾರವೂ ನಿಲ್ಲುತ್ತದೆ, ಅದರ ಆವೇಶವೂ ನಿಲ್ಲುತ್ತದೆ. ಆರ್ಜಿನೀನ್ ಇದ್ದರೆ ಅಲ್ಲಿ ಧನ. ಗ್ಲುಟಾಮಿಕ್ ಆಮ್ಲ ಇದ್ದರೆ ಋಣ. ಅಲನೀನ್ ಇದ್ದರೆ ಎರಡೂ ಅಲ್ಲ. ಈ ಮೂರು ಹೆಸರುಗಳನ್ನು ಸ್ವಲ್ಪ ಹೊತ್ತು ನೆನಪಿಡಿ.

ಇನ್ನೂ ನೋಡದ ರೋಗಾಣುವಿಗೂ ಹೊಂದುವ ತುದಿಯನ್ನು ದೇಹ ಹೇಗೆ ತಯಾರಿಸೀತು? ಉತ್ತರ ಕಂಡುಹಿಡಿದವರು ಜಪಾನಿನ ಸುಸುಮು ತೊನೆಗಾವಾ, 1987ರ ನೊಬೆಲ್ ಅವರದು. ಪ್ರತಿಕಾಯ ತಯಾರಿಸುವ ಪ್ರತಿಯೊಂದು ಜೀವಕೋಶವೂ ತನ್ನ ಜೀನುಗಳ ತುಣುಕುಗಳನ್ನು ಕಲಸಿ, ಸಿಕ್ಕಸಿಕ್ಕಂತೆ ಜೋಡಿಸಿ, ತನ್ನದೇ ಒಂದು ತುದಿಯನ್ನು ಮಾಡಿಕೊಳ್ಳುತ್ತದೆ. ಕೋಟಿಗಟ್ಟಲೆ ಕೋಶಗಳು, ಕೋಟಿಗಟ್ಟಲೆ ತುದಿಗಳು. ಯಾವ ಹೊಸ ವೈರಸ್ ಬಂದರೂ ಯಾವುದಾದರೂ ಒಂದು ತುದಿ ಅದಕ್ಕೆ ಹೊಂದಿಯೇ ಹೊಂದುತ್ತದೆ.

ಸಿಕ್ಕಸಿಕ್ಕಂತೆ ಜೋಡಿಸಿದರೆ ಕೆಲವು ತುದಿಗಳು ನಮ್ಮದೇ ಮೈಯ ಭಾಗಗಳಿಗೂ ಹೊಂದಿಬಿಡುವುದಿಲ್ಲವೇ ಎಂದು ನಿಮಗೆ ಅನ್ನಿಸಿದರೆ, ಶಾಬಾಸ್. ಖಂಡಿತ ಹೊಂದುತ್ತವೆ. ಎಲ್ಲರ ಮೈಯಲ್ಲೂ, ನಿಮ್ಮ ಮೈಯಲ್ಲೂ, ಅಂಥ ಕೋಶಗಳು ಹುಟ್ಟುತ್ತಲೇ ಇರುತ್ತವೆ. ದೇಹ ಅವನ್ನು ಬೆಳೆಯುವ ಹಂತದಲ್ಲೇ ಪರೀಕ್ಷಿಸಿ ಬಹಳಷ್ಟನ್ನು ಕೊಲ್ಲುತ್ತದೆ, ಕೆಲವನ್ನು ತಿದ್ದುತ್ತದೆ, ಉಳಿದವನ್ನು ಸುಮ್ಮನಿರಿಸುತ್ತದೆ. ಈ ಕಾವಲು ಸಡಿಲವಾದಾಗ ತನ್ನವರನ್ನೇ ಹಿಡಿಯುವ ಪ್ರತಿಕಾಯಗಳು ಹೆಚ್ಚುತ್ತವೆ. ಅವುಗಳ ಹೆಸರು ಸ್ವಪ್ರತಿಕಾಯ.

ಲೂಪಸ್ಸಿನಲ್ಲಿ ಆಗುವುದು ಇದೇ. ಈ ಕಾಯಿಲೆ ಹತ್ತರಲ್ಲಿ ಒಂಬತ್ತು ಪಾಲು ಹೆಣ್ಣುಮಕ್ಕಳಿಗೆ ಬರುತ್ತದೆ, ಅದರಲ್ಲೂ ಹರೆಯದವರಿಗೆ, ನಡುವಯಸ್ಸಿನವರಿಗೆ. ಕೀಲುಗಳು ನೋಯುತ್ತವೆ, ಕೂದಲು ಉದುರುತ್ತದೆ, ಸಣ್ಣ ಜ್ವರ ಬಿಟ್ಟುಬಿಟ್ಟು ಬರುತ್ತದೆ, ಬಿಸಿಲಿಗೆ ಹೋದರೆ ಕೆನ್ನೆಗಳ ಮೇಲೆ, ಮೂಗಿನ ಸೇತುವೆಯ ಮೇಲೆ ಕೆಂಪು ಗಂಧೆ ಏಳುತ್ತದೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಒಬ್ಬರ ಲೂಪಸ್ ಇನ್ನೊಬ್ಬರದರ ಹಾಗೆ ಇರುವುದೇ ಇಲ್ಲ ಎನ್ನಬಹುದು. ಅದಕ್ಕೇ ಎಷ್ಟೋ ಸಲ ಗುರುತು ಹಿಡಿಯುವುದು ತಡವಾಗುತ್ತದೆ.

ಲೂಪಸ್ಸಿನ ಸ್ವಪ್ರತಿಕಾಯಗಳಲ್ಲಿ ಹೆಸರು ಮಾಡಿರುವುದು ಡಿಎನ್‌ಎಯನ್ನು ಹಿಡಿಯುವ ಪ್ರತಿಕಾಯ. 1957ರಲ್ಲಿ ಯುರೋಪು, ಅಮೆರಿಕಗಳ ಬೇರೆ ಬೇರೆ ಪ್ರಯೋಗಾಲಯಗಳು ಇದನ್ನು ಹೆಚ್ಚುಕಡಿಮೆ ಏಕಕಾಲಕ್ಕೆ ಕಂಡವು. ಆದರೆ ಡಿಎನ್‌ಎ ಇರುವುದು ಜೀವಕೋಶದ ಒಳಗೆ, ಅದರೊಳಗಿನ ಕೇಂದ್ರದಲ್ಲಿ. ಪ್ರತಿಕಾಯ ಓಡಾಡುವುದು ಹೊರಗೆ, ರಕ್ತದಲ್ಲಿ. ಎರಡೂ ಭೇಟಿಯಾಗುವುದು ಎಲ್ಲಿ? ನಮ್ಮ ಮೈಯಲ್ಲಿ ದಿನವೂ ಕೋಟ್ಯಂತರ ಕೋಶಗಳು ಆಯುಸ್ಸು ಮುಗಿದು ಸಾಯುತ್ತವೆ. ಸತ್ತ ಕೋಶಗಳನ್ನು ನುಂಗಿ ಸ್ವಚ್ಛ ಮಾಡುವ ಕೋಶಗಳು ಬೇರೆಯೇ ಇವೆ. ಲೂಪಸ್ ಇರುವವರಲ್ಲಿ ಈ ಕೆಲಸ ಹಲವು ಸಲ ನಿಧಾನ. ಚೂರುಪಾರು ಡಿಎನ್‌ಎ ಹೊರಗೆ ಉಳಿದುಬಿಡುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಕೋಶಗಳನ್ನು ಇನ್ನಷ್ಟು ಸಾಯಿಸುವುದರಿಂದ ಬಿಸಿಲು ಈ ಕಾಯಿಲೆಗೆ ಹಗೆ.

ಇನ್ನು ಮೂತ್ರಪಿಂಡಕ್ಕೆ ಬರೋಣ. ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಆಸರೆಯಲ್ಲಿ, ದೊಡ್ಡವರ ಮುಷ್ಟಿಯಷ್ಟು ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು. ಪ್ರತಿ ಘಟಕದ ತಲೆಯಲ್ಲಿ ಕೂದಲಿಗಿಂತ ಬಹಳ ತೆಳ್ಳಗಿನ ರಕ್ತನಾಳಗಳ ಒಂದು ಉಂಡೆ. ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಈ ಉಂಡೆಗಳ ಗೋಡೆಯ ಮೂಲಕ ಸೋಸಿ ಆಚೆ ಬರುತ್ತದೆ. ಗಾಬರಿಯಾಗಬೇಡಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮುಂದಿನ ಕೊಳವೆಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ.

ಆ ಗೋಡೆಯಲ್ಲಿ ಮೂರು ಪದರ. ಒಳಗೆ ತೂತುಗಳಿರುವ ಕೋಶಗಳ ಪದರ, ನಡುವೆ ಒಂದು ತೆಳುಪೊರೆ, ಹೊರಗೆ ಬೆರಳುಗಳನ್ನು ಹೆಣೆದುಕೊಂಡು ಕೂತ ಕೋಶಗಳು. ನಡುವಿನ ಪೊರೆಯಲ್ಲಿ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳಿವೆ. ಅವುಗಳಿಗೆ ಋಣಾವೇಶ. ರಕ್ತದಲ್ಲಿ ಹರಿಯುವ ಆಲ್ಬುಮಿನ್ ಎಂಬ ಮುಖ್ಯ ಪ್ರೋಟೀನಿಗೂ ಋಣಾವೇಶವೇ. ಪೊರೆಯ ಬಿಗಿ ಹೆಣಿಗೆ ಮತ್ತು ಈ ಆವೇಶ ಎರಡೂ ಸೇರಿ ಆಲ್ಬುಮಿನ್ನನ್ನು ಒಳಗೇ ತಡೆಯುತ್ತವೆ. ನೀರು, ಉಪ್ಪು, ಕಸ ಮಾತ್ರ ದಾಟಿ ಹೋಗುತ್ತವೆ.

ಲೂಪಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಮೂತ್ರಪಿಂಡಕ್ಕೆ ತೊಂದರೆ ತಟ್ಟುತ್ತದೆ. ಮಕ್ಕಳಲ್ಲಿ ಶುರುವಾದ ಲೂಪಸ್ಸಿನಲ್ಲಿ ಇದು ಇನ್ನೂ ಹೆಚ್ಚು. ಹಾಗಾದರೆ ಪ್ರತಿಕಾಯಗಳೇ ಅಲ್ಲಿಗೆ ಹೋಗಿ ಕೂರುತ್ತವೆಯೇ? 1967ರಲ್ಲಿ ಅಮೆರಿಕದ ಡೇವಿಡ್ ಕಾಫ್ಲರ್, ಪೀಟರ್ ಶರ್, ಹೆನ್ರಿ ಕುಂಕೆಲ್ ಇದಕ್ಕೆ ಗಟ್ಟಿ ಸಾಕ್ಷಿ ಕೊಟ್ಟರು. ಲೂಪಸ್ ರೋಗಿಗಳ ಮೂತ್ರಪಿಂಡದ ರಕ್ತನಾಳದ ಉಂಡೆಗಳನ್ನು ಬೇರ್ಪಡಿಸಿ, ಅವಕ್ಕೆ ಅಂಟಿದ್ದ ಪ್ರತಿಕಾಯಗಳನ್ನು ಬಿಡಿಸಿ ತೆಗೆದು, ಅವು ಏನನ್ನು ಹಿಡಿಯುತ್ತವೆ ಎಂದು ನೋಡಿದರು. ಡಿಎನ್‌ಎಯನ್ನು ಹಿಡಿಯುವ ಪ್ರತಿಕಾಯಗಳು ಅಲ್ಲಿ ಗುಂಪುಗೂಡಿದ್ದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಏಕೆಂದರೆ ಡಾಕ್ಟರುಗಳು ಒಂದು ವಿಚಿತ್ರ ಕಂಡರು: ಕೆಲವರ ರಕ್ತದಲ್ಲಿ ಈ ಪ್ರತಿಕಾಯ ಧಾರಾಳವಾಗಿದ್ದರೂ ಮೂತ್ರಪಿಂಡ ಚೆನ್ನಾಗಿದೆ, ಇನ್ನು ಕೆಲವರಲ್ಲಿ ಪ್ರತಿಕಾಯ ಕಡಿಮೆ, ಮೂತ್ರಪಿಂಡ ಮಾತ್ರ ಕೆಟ್ಟಿದೆ. ಅಂದರೆ ಎಷ್ಟಿದೆ ಎಂದು ಎಣಿಸಿದರೆ ಸಾಲದು. ಎಂಥದ್ದು ಇದೆ ಎಂದು ನೋಡಬೇಕು. ನನಗಂತೂ ಈ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಈ ತಿರುವು.

ಎಂಥದ್ದು ಎಂದು ನೋಡುವುದು ಹೇಗೆ? ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಬೆಟ್ಟಿ ಡೈಮಂಡ್ ಮತ್ತು ಮ್ಯಾಥ್ಯೂ ಶಾರ್ಫ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಅವರ ಬಳಿ ಇಲಿಯ ಜೀವಕೋಶಗಳಿಂದ ಬಂದ ಒಂದು ಒಳ್ಳೆಯ ಪ್ರತಿಕಾಯವಿತ್ತು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಮೈಮೇಲಿರುವ ಒಂದು ಅಣುವನ್ನು ಅದು ಹಿಡಿಯುತ್ತಿತ್ತು. ಆ ಕೋಶಗಳನ್ನು ಬೆಳೆಸುತ್ತಿದ್ದಾಗ ಒಂದು ಕೋಶದಲ್ಲಿ ಚಿಕ್ಕದೊಂದು ಬದಲಾವಣೆ ಆಗಿತ್ತು. ಪ್ರತಿಕಾಯದ ಉದ್ದ ಸರಪಳಿಯ 35ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ಅಲನೀನ್ ಬಂದಿತ್ತು. ನಾಲ್ಕು ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಬದಲಾದದ್ದು ಒಂದೇ ಒಂದು. ಆದರೆ ಬದಲಾದ ಪ್ರತಿಕಾಯ ಬ್ಯಾಕ್ಟೀರಿಯಾದ ಅಣುವನ್ನು ಕೈಬಿಟ್ಟಿತು. ಡಿಎನ್‌ಎಯನ್ನು ಹಿಡಿಯಿತು!

ಈಗ ಆ ಮೂರು ಹೆಸರುಗಳನ್ನು ತೆಗೆಯಿರಿ. ಗ್ಲುಟಾಮಿಕ್ ಆಮ್ಲ ಋಣ, ಅಲನೀನ್ ಯಾವುದೂ ಅಲ್ಲ. ಹಿಡಿಯುವ ಜಾಗದಿಂದ ಒಂದು ಋಣಾವೇಶ ಕಳೆದುಹೋಯಿತು. ಡಿಎನ್‌ಎಯ ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟುಗಳ ಸಾಲು, ಎಲ್ಲಕ್ಕೂ ಋಣಾವೇಶ. ಲೋಟದಲ್ಲಿ ಜೇಡಿಯ ಕಣಗಳು ಒಂದನ್ನೊಂದು ತಳ್ಳುತ್ತಿದ್ದುದು ನೆನಪಿದೆಯಲ್ಲ? ಋಣದ ಜಾಗಕ್ಕೆ ಋಣ ಬರಲಾರದು. ಅಲ್ಲಿ ಋಣ ಕಳೆದು ಧನ ಬಂದರೆ ಡಿಎನ್‌ಎಗೆ ಇನ್ನೂ ಸಲೀಸು. 1993ರಲ್ಲಿ ಮಾರ್ಕೊ ರಾಡಿಕ್, ಮಾರ್ಟಿನ್ ವೈಗರ್ಟ್ ಮತ್ತು ಜೊತೆಗಾರರು ಅದನ್ನೂ ಪರೀಕ್ಷಿಸಿದರು. ಡಿಎನ್‌ಎ ಹಿಡಿಯುವ ಇಲಿಯ ಪ್ರತಿಕಾಯವೊಂದರ ತುದಿಯಿಂದ ಆರ್ಜಿನೀನ್ ತೆಗೆದಾಗ ಹಿಡಿತ ಸಡಿಲವಾಯಿತು, ಆರ್ಜಿನೀನ್ ಸೇರಿಸಿದಾಗ ಬಿಗಿಯಾಯಿತು. ಲೂಪಸ್ಸಿನ ಇಂಥ ಪ್ರತಿಕಾಯಗಳ ತುದಿಯಲ್ಲಿ ಆರ್ಜಿನೀನ್ ಮತ್ತೆ ಮತ್ತೆ ಸಿಗುವುದು ಕಾಕತಾಳೀಯವಲ್ಲ.

ನೀವು ಗಮನಿಸಿದಿರೋ ಇಲ್ಲವೋ, ಶತ್ರುವನ್ನು ಹಿಡಿಯುವ ಪ್ರತಿಕಾಯಕ್ಕೂ ನಮ್ಮವರನ್ನೇ ಹಿಡಿಯುವ ಪ್ರತಿಕಾಯಕ್ಕೂ ನಡುವೆ ಒಂದೇ ಹೆಜ್ಜೆಯ ದೂರ. ಸೋಂಕು ಬಂದಾಗ ನಮ್ಮ ಕೋಶಗಳು ತುದಿಯನ್ನು ಹರಿತಗೊಳಿಸಲೆಂದು ಬೇಕಂತಲೇ ಇಂಥ ಸಣ್ಣ ಸಣ್ಣ ಬದಲಾವಣೆಗಳನ್ನು ಮಾಡಿಕೊಳ್ಳುತ್ತಾ ಹೋಗುತ್ತವೆ. ಹತ್ತು ಬದಲಾವಣೆಯಲ್ಲಿ ಒಂದು ಅಡ್ಡದಾರಿ ಹಿಡಿದರೆ ಅಚ್ಚರಿಯೇನಿಲ್ಲ. ಎಲ್ಲರಿಗೂ ಲೂಪಸ್ ಬರದಿರುವುದೇ ಅಚ್ಚರಿ!

ಡಿಎನ್‌ಎ ಹಿಡಿದದ್ದಾಯಿತು. ಮೂತ್ರಪಿಂಡಕ್ಕೆ ಅಂಟಿದ್ದು ಹೇಗೆ? ಪೊರೆಗೂ ಋಣ, ಡಿಎನ್‌ಎಗೂ ಋಣ. ಎರಡೂ ಹತ್ತಿರ ಬರಲೇಬಾರದಲ್ಲ.

ಎರಡನೆಯ ಲೋಟದಲ್ಲಿ ಪಟಿಕ ಮಾಡಿದ ಕೆಲಸವನ್ನು ಇಲ್ಲಿ ಹಿಸ್ಟೋನ್ ಎಂಬ ಪ್ರೋಟೀನು ಮಾಡುತ್ತದೆ. ಕೋಶದೊಳಗೆ ಡಿಎನ್‌ಎ ಬರಿದಾಗಿ ಇರುವುದಿಲ್ಲ, ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನುಗಳಿಗೆ ಬಲವಾದ ಧನಾವೇಶ. ಸತ್ತ ಕೋಶದಿಂದ ಹೊರಬಿದ್ದ ಚೂರಿನಲ್ಲಿ ಡಿಎನ್‌ಎ, ಹಿಸ್ಟೋನ್ ಎರಡೂ ಇರುತ್ತವೆ. ಹಿಸ್ಟೋನು ಒಂದು ಕಡೆ ಡಿಎನ್‌ಎಯನ್ನು ಹಿಡಿದಿದ್ದು ಇನ್ನೊಂದು ಕಡೆ ಪೊರೆಯ ಹೆಪರಾನ್ ಸಲ್ಫೇಟಿಗೆ ಅಂಟಿಕೊಳ್ಳುತ್ತದೆ. ಪ್ರತಿಕಾಯ ಬಂದು ಆ ಡಿಎನ್‌ಎಯನ್ನು ಹಿಡಿಯುತ್ತದೆ. ಎರಡು ಋಣಗಳ ನಡುವೆ ಒಂದು ಧನ. ನೀವು ಲೋಟದಲ್ಲಿ ಕಂಡದ್ದು ಇದೇ ಲೆಕ್ಕ.

ಇದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ಡಿಎನ್‌ಎಯ ಮಧ್ಯಸ್ಥಿಕೆಯೇ ಬೇಡ. ಡಿಎನ್‌ಎ ಹಿಡಿಯುವ ಕೆಲವು ಪ್ರತಿಕಾಯಗಳ ತುದಿ ಮೂತ್ರಪಿಂಡದ್ದೇ ಪ್ರೋಟೀನಿಗೂ ಹೊಂದುತ್ತದೆ. ಬೆರಳು ಹೆಣೆದು ಕೂತ ಕೋಶಗಳು ಅಂದೆನಲ್ಲ, ಅವುಗಳ ಆಕಾರವನ್ನು ಗಟ್ಟಿ ಹಿಡಿದಿರುವ ಆಲ್ಫಾ ಆಕ್ಟಿನಿನ್ ಎಂಬ ಪ್ರೋಟೀನನ್ನು ಇಂಥ ಪ್ರತಿಕಾಯಗಳು ಹಿಡಿಯುತ್ತವೆ ಎಂದು 2001ರಲ್ಲಿ, ಮರುವರ್ಷ ಇನ್ನೊಂದು ತಂಡದಿಂದ, ವರದಿಗಳು ಬಂದವು. ಯಾವ ದಾರಿ ಮುಖ್ಯ ಎಂದು ವಿಜ್ಞಾನಿಗಳು ಬಹಳ ವರ್ಷ ಜಗಳಾಡಿದ್ದಾರೆ. ಎರಡೂ ನಡೆಯುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಜೋರು ಎನ್ನುವವರ ಮಾತೇ ನನಗೆ ಸರಿಕಾಣುತ್ತದೆ. ಒಂದೇ ಕಾರಣ ಇರಲೇಬೇಕು ಎಂದು ನಮ್ಮ ಮೈ ಯಾರಿಗೂ ಮಾತು ಕೊಟ್ಟಿಲ್ಲ.

ಬೆಟ್ಟಿ ಡೈಮಂಡ್ ಅವರ ತಂಡವೇ 1994ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲಿಯ ಒಂದು ಕೆಟ್ಟ ಪ್ರತಿಕಾಯವನ್ನು ತೆಗೆದುಕೊಂಡು ಒಂದೆರಡು ಅಮೈನೋ ಆಮ್ಲಗಳನ್ನು ಬೇಕೆಂದೇ ಬದಲಿಸಿ, ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಿದರು. ಡಿಎನ್‌ಎಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದಕ್ಕೂ ಮೂತ್ರಪಿಂಡದಲ್ಲಿ ಕೂರುತ್ತದೆಯೇ ಎಂಬುದಕ್ಕೂ ನೇರ ಸಂಬಂಧವಿರಲಿಲ್ಲ. ರಚನೆಯ ತೀರ ಸಣ್ಣ ವ್ಯತ್ಯಾಸ ಪ್ರತಿಕಾಯದ ವಿಳಾಸವನ್ನೇ ಬದಲಿಸುತ್ತಿತ್ತು.

ಕೂತ ಮೇಲೆ ಕೆಡುಕು ಮಾಡುವುದು ತೋಳಲ್ಲ, ಬಾಲ. ಹತ್ತಿರ ಹತ್ತಿರ ಕೂತ ಪ್ರತಿಕಾಯಗಳ ಬಾಲಗಳಿಗೆ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳು ಒಂದರ ಹಿಂದೆ ಒಂದು ಬಂದು ಸೇರುತ್ತವೆ, ಬಿಳಿ ರಕ್ತಕಣಗಳು ಓಡಿಬರುತ್ತವೆ. ಬ್ಯಾಕ್ಟೀರಿಯಾ ಇದ್ದಿದ್ದರೆ ಅದರ ಕಥೆ ಮುಗಿಯುತ್ತಿತ್ತು. ಇಲ್ಲಿ ಸಿಕ್ಕಿರುವುದು ನಮ್ಮದೇ ಸೋಸುವ ಗೋಡೆ. ಅಲ್ಲಿ ಉರಿಯೂತ ಶುರುವಾಗಿ ಗೋಡೆ ಹಾಳಾಗುತ್ತದೆ. ಬಾಲಗಳಲ್ಲೂ ಭೇದವಿದೆ, ಕೆಲವು ಜೋರಾಗಿ ಕೂಗುತ್ತವೆ, ಕೆಲವು ಪಿಸುಗುಡುತ್ತವೆ. ಕಾಂಪ್ಲಿಮೆಂಟ್ ಖರ್ಚಾಗುತ್ತಾ ಹೋಗುವುದರಿಂದ ರಕ್ತಪರೀಕ್ಷೆಯಲ್ಲಿ ಸಿ3, ಸಿ4 ಎಂಬ ಅಂಕಿಗಳು ಇಳಿದಿದ್ದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ.

ಗೋಡೆ ಹಾಳಾದರೆ ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಮೂತ್ರದಲ್ಲಿ ನೊರೆ ಬಹಳ ಹೊತ್ತು ನಿಲ್ಲುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಸಂಜೆಗೆ ಕಾಲು ಬಾವು. (ನೊರೆ ಕಂಡವರಿಗೆಲ್ಲ ಲೂಪಸ್ ಇದೆ ಎಂದು ತಿಳಿಯಬೇಡಿ. ಬೇರೆ ಕಾರಣಗಳೇ ಹೆಚ್ಚು.) ನೋವು ಇರುವುದಿಲ್ಲ. ಹಾಗಾಗಿ ಕಾಯಿಲೆ ಸದ್ದಿಲ್ಲದೆ ಮುಂದುವರಿಯುತ್ತದೆ. ಪರೀಕ್ಷೆ ಮಾತ್ರ ಬಲು ಸುಲಭ. ಒಂದು ಪ್ಲಾಸ್ಟಿಕ್ ಪಟ್ಟಿಯ ತುದಿಯಲ್ಲಿ ಹಳದಿ ಚೌಕ ಇರುತ್ತದೆ. ಮೂತ್ರದಲ್ಲಿ ಅದ್ದಿ ತೆಗೆದರೆ ಪ್ರೋಟೀನ್ ಇಲ್ಲದಿದ್ದಾಗ ಹಳದಿಯಾಗೇ ಉಳಿಯುತ್ತದೆ, ಇದ್ದರೆ ನಿಮಿಷದೊಳಗೆ ಹಸಿರಿಗೆ ತಿರುಗುತ್ತದೆ. ಹಸಿರು ಗಾಢವಾದಷ್ಟೂ ಸೋರಿಕೆ ಹೆಚ್ಚು.

ಆ ಮೇಲೆ ದೊಡ್ಡಾಸ್ಪತ್ರೆಯ ಕೆಲಸ. ಖಾನಾಪುರದ ಹಳ್ಳಿಗಳವರು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗೋ ಬರುತ್ತಾರೆ. ಮೂತ್ರಪಿಂಡ ತಜ್ಞರು ಬಯಾಪ್ಸಿ ಬೇಕು ಎನ್ನಬಹುದು. ಜಾಗವನ್ನು ಮರಗಟ್ಟಿಸಿ, ಸ್ಕ್ಯಾನಿಂಗಿನಲ್ಲಿ ನೋಡುತ್ತಾ, ಸೂಜಿಯಿಂದ ಒಂದೆರಡು ಸೆಂಟಿಮೀಟರ್ ಉದ್ದದ ಎಳೆಯಂಥ ತುಣುಕು ತೆಗೆಯುತ್ತಾರೆ. ಅದನ್ನು ತೆಳ್ಳಗೆ ಸೀಳಿ, ಪ್ರತಿಕಾಯಗಳಿಗೆ ಅಂಟುವ ಹೊಳೆಯುವ ಬಣ್ಣ ಹಾಕಿ, ಕತ್ತಲ ಕೋಣೆಯ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಆರೋಗ್ಯವಂತರ ತುಣುಕು ಕಪ್ಪಗೇ ಇರುತ್ತದೆ. ಲೂಪಸ್ ತಟ್ಟಿದ ತುಣುಕಿನಲ್ಲಿ ರಕ್ತನಾಳದ ಉಂಡೆ ಹಸಿರಾಗಿ ಬೆಳಗುತ್ತದೆ. ಮೂರು ಬಗೆಯ ಪ್ರತಿಕಾಯ, ಎರಡು ಬಗೆಯ ಕಾಂಪ್ಲಿಮೆಂಟ್ ಎಲ್ಲವೂ ಒಟ್ಟಿಗೆ ಕಂಡರೆ ಲೂಪಸ್ಸಿನ ಗುಮಾನಿ ಬಲವಾಗುತ್ತದೆ. ಹಾನಿ ಎಷ್ಟು ಎಂಬುದನ್ನು ನೋಡಿ ಒಂದರಿಂದ ಆರರವರೆಗೆ ವರ್ಗ ಮಾಡುತ್ತಾರೆ, ಔಷಧಿ ಅದರ ಮೇಲೆ ತೀರ್ಮಾನವಾಗುತ್ತದೆ.

ಔಷಧಿಗಳು ಇವೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತವೆ. ಮಲೇರಿಯಾಕ್ಕೆ ಕೊಡುತ್ತಿದ್ದ ಔಷಧಿಗಳ ಬಳಗದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಇರುವ ಬಹುತೇಕ ಎಲ್ಲರಿಗೂ ಉಂಟು. ಉರಿಯೂತ ಇಳಿಸಲು ಸ್ಟೀರಾಯ್ಡ್, ಪ್ರತಿಕಾಯ ತಯಾರಿಸುವ ಕೋಶಗಳ ಆರ್ಭಟ ತಗ್ಗಿಸಲು ಮೈಕೊಫಿನೊಲೇಟ್. ಬೆಲಿಮುಮ್ಯಾಬ್ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಅಮೆರಿಕ ಮೂತ್ರಪಿಂಡದ ಲೂಪಸ್ಸಿಗಾಗಿ ಒಪ್ಪಿಗೆ ಕೊಟ್ಟಿತು. ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ತಮಾಷೆಯೆಂದರೆ ಆ ಔಷಧಿಯೂ ಒಂದು ಪ್ರತಿಕಾಯವೇ, ಪ್ರಯೋಗಾಲಯದಲ್ಲಿ ತುದಿಯನ್ನು ಆರಿಸಿ ತಯಾರಿಸಿದ್ದು. ಸ್ವಪ್ರತಿಕಾಯ ಹುಟ್ಟಿಸುವ ಕೋಶಗಳಿಗೆ ಬದುಕಲು ಬೇಕಾದ ಒಂದು ಸಂಕೇತವನ್ನು ಅದು ಹಿಡಿದುಬಿಡುತ್ತದೆ.

ಇನ್ನೊಂದು ಮಾತು ನಿಮ್ಮ ಶಾಲೆಯದು. ಲೂಪಸ್ ಯಾರಿಂದಲೂ ಯಾರಿಗೂ ಅಂಟುವುದಿಲ್ಲ. ಪಕ್ಕದಲ್ಲಿ ಕೂತರೂ, ಒಂದೇ ಡಬ್ಬಿಯಲ್ಲಿ ಉಂಡರೂ ಅಂಟುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮುಖ ಕೆಲಕಾಲ ಊದಿಕೊಳ್ಳುತ್ತದೆ, ಅದಕ್ಕೆ ಅಡ್ಡಹೆಸರು ಇಡಬೇಡಿ. ನಿಮ್ಮ ತರಗತಿಯಲ್ಲಿ ಈ ಕಾಯಿಲೆಯ ಹುಡುಗಿ ಇದ್ದರೆ, ಬೆಳಗಿನ ಪ್ರಾರ್ಥನೆಯಲ್ಲೂ ಆಟದ ಪಿರಿಯಡ್ಡಿನಲ್ಲೂ ಅವಳು ಬಿಸಿಲಿನಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳಿ. ವರಾಂಡದ ನೆರಳಿನಲ್ಲಿ ಅವಳಿಗೊಂದು ಜಾಗ ಬೇಕು ಎಂದು ಪಿ.ಟಿ. ಮಾಸ್ತರರಿಗೆ ನೀವೇ ಹೋಗಿ ಹೇಳಿ.